ರೋಬೋಟಿನ ಹೊಟ್ಟೆಯೊಳಗೆ

ಕುಮಾರ ಪಾರ್ಕಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಳೆದ ಎರಡು ತಿಂಗಳು ಊಟ ನಡೆದದ್ದು ಕಡಿಮೆ. ಹಳೆಯ ಮದುವೆ ಕರೆಯೋಲೆಗಳಿಂದ ಕತ್ತರಿಸಿದ ರಟ್ಟಿನ ಚೂರುಗಳು, ಕೆಂಪು-ಕಪ್ಪು ದಾರ, ಅಳತೆಪಟ್ಟಿ, ಗುಂಡುಪಿನ್ನು ಅಲ್ಲಿ ಹರಡಿಕೊಂಡಿದ್ದವು. ‘ಏನು ಮೇಷ್ಟ್ರೇ, ಮನೆಯಲ್ಲಿ ಮದುವೆಯೇ?’ ಎಂದು ಪಕ್ಕದ ಮನೆಯವರು ಕೇಳಿದ್ದೂ ಉಂಟು. ಮದುವೆಯಲ್ಲ, ನಮ್ಮ ಶಾಲೆಯ ಮಕ್ಕಳು ರೋಬೋಟ್ ಸ್ಪರ್ಧೆಗೆ ಸಿದ್ಧರಾಗುತ್ತಿದ್ದರು.

ಇಂಥ ಸ್ಪರ್ಧೆಗಳು ಈಗ ನಮಗೆ ಹೊಸತಲ್ಲ. 2002ರಲ್ಲಿ ಟೋಕಿಯೋದಲ್ಲಿ ಶುರುವಾದ ‘ಎಬಿಯು ರೋಬೋಕಾನ್’ ಎಂಬ ಕಾಲೇಜು ವಿದ್ಯಾರ್ಥಿಗಳ ಸ್ಪರ್ಧೆ 2008 ಮತ್ತು 2014ರಲ್ಲಿ ಪುಣೆಗೇ ಬಂದಿತ್ತು. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಮೇಲೆ ಶಾಲಾ ಮಕ್ಕಳ ಕೈಗೂ ಮೋಟಾರು, ಸಂವೇದಕಗಳು ಸಿಕ್ಕಿವೆ. ರೋಬೋಟ್ ಎಂದೊಡನೆ ನಮ್ಮ ಕಣ್ಣು ಹೋಗುವುದು ಅದರ ಚಕ್ರ, ಕೈಗಳ ಮೇಲೆ. ಬ್ಯಾಟರಿಯ ವಿದ್ಯುತ್ತನ್ನು ಹಂಚುವ, ಮೋಟಾರುಗಳಿಗೆ ಅಪ್ಪಣೆ ಕೊಡುವ ಒಳಗಿನ ಫಲಕ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ‘ಒಳಗೆ ಹೇಗಾದರೂ ಇರಲಿ, ಓಡಿದರೆ ಸಾಕು’ ಎಂದು ಮಕ್ಕಳಿಗೆ ಹೇಳಿದವನೂ ನಾನೇ.

ಕಳೆದ ವರ್ಷ ಅದಕ್ಕೆ ದಂಡ ತೆತ್ತೆವು. ಮೂರನೆಯ ಸುತ್ತಿನಲ್ಲಿ ನಮ್ಮ ರೋಬೋಟ್ ನಾಲ್ಕಡಿ ಓಡಿ ನಿಂತುಬಿಟ್ಟಿತು. ಮುಂದಿನ ಸುತ್ತಿಗೆ ಹತ್ತು ನಿಮಿಷವಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಒತ್ತುಶ್ಯಾವಿಗೆ ಸುರಿದಂತೆ ತಂತಿಗಳು, ಎಲ್ಲವೂ ಒಂದೇ ಬಣ್ಣ! ಯಾವುದನ್ನು ಎಳೆದು ನೋಡುವುದು? ಹತ್ತು ನಿಮಿಷ ಮುಗಿಯಿತು, ನಮ್ಮ ಸ್ಪರ್ಧೆಯೂ ಮುಗಿಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಹುಡುಗರು, ತಂತಿ ಜೋಡಿಸಿದ್ದ ಒಂಬತ್ತನೇ ತರಗತಿಯ ಹುಡುಗಿಯನ್ನು ‘ನಿನ್ನಿಂದಲೇ ಆಗಿದ್ದು’ ಎಂದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ನಾನೂ ಸುಮ್ಮನಿದ್ದೆ. ಮರುವಾರದಿಂದ ಅವಳು ಪ್ರಯೋಗಾಲಯದ ಕಡೆ ಬರಲಿಲ್ಲ.

ಆಮೇಲೆ ಒಂದು ದಿನ ಒಬ್ಬನೇ ಕೂತು ಆ ಗಂಟು ಬಿಡಿಸಿದೆ. ಬ್ಯಾಟರಿಯ ಕಪ್ಪು ತಂತಿ ಟರ್ಮಿನಲ್ಲಿನ ಸ್ಕ್ರೂ ಕೆಳಗೆ ಸಡಿಲವಾಗಿತ್ತು. ಹುಡುಗಿ ಸ್ಕ್ರೂವನ್ನು ಬಿಗಿಯಾಗಿಯೇ ತಿರುಗಿಸಿದ್ದಳು. ಹಾಗಾದರೆ ಸಡಿಲವಾದದ್ದು ಹೇಗೆ? ತಂತಿಯ ತುದಿಯಲ್ಲಿ ಬಿಡಿ ಎಳೆಗಳು ಚದುರದಿರಲೆಂದು ಸೋಲ್ಡರ್ ಸವರಿತ್ತು. ಸೋಲ್ಡರ್ ಮೆತ್ತನೆಯ ಲೋಹ. ಅದನ್ನು ಸ್ಕ್ರೂ ಕೆಳಗೆ ಒತ್ತಿಟ್ಟರೆ, ಬೆಣ್ಣೆಯ ಮೇಲೆ ಲೋಟ ಇಟ್ಟಂತೆ, ದಿನದಿನಕ್ಕೂ ಸ್ವಲ್ಪಸ್ವಲ್ಪವೇ ಪಕ್ಕಕ್ಕೆ ಸರಿಯುತ್ತದೆ. ಇಂದು ಬಿಗಿಯಾಗಿದ್ದದ್ದು ತಿಂಗಳು ಕಳೆಯುವಷ್ಟರಲ್ಲಿ ಸಡಿಲ. ಅದರ ಮೇಲೆ ಓಡುವ ಯಂತ್ರದ ಅದುರಾಟ ಬೇರೆ. ಸೋಲ್ಡರ್ ಸವರಲು ಅವಳಿಗೆ ಹೇಳಿಕೊಟ್ಟವರು ಯಾರು? ನಾನೇ. ಹರೆಯದಲ್ಲಿ ರೇಡಿಯೋ ಕಟ್ಟುವಾಗ ಕಲಿತ ಅಭ್ಯಾಸ ಅದು. ನೂರು ಸಲ ಮಾಡಿದ್ದೆ, ಒಂದು ಸಲವೂ ಯೋಚಿಸಿರಲಿಲ್ಲ.

ಮಾರನೆಯ ದಿನ ತರಗತಿಯಲ್ಲಿ ಎಲ್ಲರೆದುರು ಆ ತಂತಿಯನ್ನು ಎತ್ತಿ ತೋರಿಸಿ, ‘ತಪ್ಪು ಇವಳದಲ್ಲ, ನನ್ನದು’ ಎಂದೆ. ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಆ ಮಾತು ಸುಲಭವಾಗಿರಲಿಲ್ಲ. ಸಂಜೆ ಹುಡುಗಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ‘ಸಾರ್, ಈ ಸಲವೂ ಫಲಕ ನಾನೇ ಮಾಡ್ತೀನಿ’ ಎಂದಳು. ‘ಮಾಡಮ್ಮ’ ಎಂದೆ.

ಈ ವರ್ಷದ ಮೊದಲ ತೊಡಕು ತೂಕದ್ದು. ನಮ್ಮ ಸ್ಪರ್ಧೆಯಲ್ಲಿ ಮಿತಿ 5 ಕಿಲೋ. ಹೊಸ ಕೈ ಜೋಡಿಸಿದ ಮೇಲೆ ರೋಬೋಟನ್ನು ಹಳೇ ಪೇಪರ್ ಅಂಗಡಿಯ ತಕ್ಕಡಿಯಲ್ಲಿಟ್ಟರೆ 5 ಕಿಲೋ 340 ಗ್ರಾಂ! ಹುಡುಗರು ಕೈಯನ್ನು ಕೊರೆಯಲು ಹೊರಟರು. ಹುಡುಗಿ ಮಾತ್ರ ಫಲಕದ ತಳಹಲಗೆಯನ್ನು ಬಿಚ್ಚಿ ತಂದಳು. 30 ಸೆಂಟಿಮೀಟರ್ ಉದ್ದ, 20 ಅಗಲ, 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ. ಲೆಕ್ಕ ಸುಲಭ. ಅದರ ಗಾತ್ರ 180 ಘನ ಸೆಂಟಿಮೀಟರ್, ಸಾಂದ್ರತೆ 2.7, ತೂಕ 486 ಗ್ರಾಂ. ಏನನ್ನೂ ಎಳೆಯದ, ಎತ್ತದ ಒಂದು ಹಲಗೆಗೆ ಅರ್ಧ ಕಿಲೋ ಕೊಟ್ಟಿದ್ದೆವು.

ಬದಲಿಗೆ 2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಹಾಳೆ ತಂದೆವು. ಅದರ ಸಾಂದ್ರತೆ 1.2. ನೋಡಲು ಅದರಂತೆಯೇ ಇರುವ ಅಕ್ರಿಲಿಕ್ ರಂಧ್ರ ಕೊರೆಯುವಾಗ ಸೀಳುತ್ತದೆ, ಪಾಲಿಕಾರ್ಬೊನೇಟ್ ಬಾಗುತ್ತದೆಯೇ ಹೊರತು ಸುಲಭಕ್ಕೆ ಒಡೆಯುವುದಿಲ್ಲ. ಅದರಲ್ಲಿ ವಿದ್ಯುತ್ ಹರಿಯದು. ಹಾಗಾಗಿ ಬೋರ್ಡಿನ ಅಡಿ ತಗುಲಿ ಶಾರ್ಟ್ ಆಗುವ ಭಯವಿಲ್ಲ. ಕೊರತೆಯೂ ಒಂದುಂಟು. ಅಲ್ಯೂಮಿನಿಯಂ ಶಾಖವನ್ನು ಹೀರಿ ಹೊರಗೆ ಸಾಗಿಸುತ್ತದೆ, ಪ್ಲಾಸ್ಟಿಕ್ ಸಾಗಿಸದು. ಆದ್ದರಿಂದ ಬಿಸಿಯಾಗುವ ಮೋಟಾರ್ ಡ್ರೈವರುಗಳನ್ನು ಗಾಳಿಯಾಡುವ ಅಂಚಿಗೆ ಸರಿಸಬೇಕಾಯಿತು.

ಮದುವೆ ಕರೆಯೋಲೆಗಳು ಬಂದದ್ದು ಇಲ್ಲಿಯೇ. ಬ್ಯಾಟರಿ, ಫ್ಯೂಸು, ಸ್ವಿಚ್ಚು, ಡ್ರೈವರುಗಳು, ಆರ್ಡುಯಿನೋ ಬೋರ್ಡು, ಎಲ್ಲವನ್ನೂ ನಿಜವಾದ ಅಳತೆಗೆ ರಟ್ಟಿನಲ್ಲಿ ಕತ್ತರಿಸಿ ಮೇಜಿನ ಮೇಲೆ ಜೋಡಿಸಿದೆವು. ತಂತಿಗಳ ಬದಲು ದಾರ. ಒಂದು ಚೂರನ್ನು ಸರಿಸಿ ನೋಡಲು ಖರ್ಚಿಲ್ಲ, ಕೊರೆದ ರಂಧ್ರವನ್ನು ಸರಿಸಲಾದೀತೇ? ಹದಿನೇಳು ಸಲ ಜೋಡಿಸಿ ಕೆಡಿಸಿದ ಮೇಲೆ ಇಡೀ ಫಲಕ 25 ಸೆಂಟಿಮೀಟರ್ ಉದ್ದ, 16 ಅಗಲದಲ್ಲಿ ಕೂತಿತು. ಹಾಳೆಯ ತೂಕ ಬರೀ 96 ಗ್ರಾಂ. 390 ಗ್ರಾಂ ಉಳಿಯಿತು!

ದಾರಗಳನ್ನು ಅಳೆದಾಗ ಇನ್ನೊಂದು ಪಾಠ ಸಿಕ್ಕಿತು. 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ರೋಧ. ಹಿಂದಿನ ವರ್ಷ ಬ್ಯಾಟರಿ ಒಂದು ಮೂಲೆಯಲ್ಲಿ, ಡ್ರೈವರುಗಳು ಇನ್ನೊಂದು ಮೂಲೆಯಲ್ಲಿ. ವಿದ್ಯುತ್ತು ಹೋಗಿಬರಲು 2 ಮೀಟರ್ ದಾರಿ. ರೋಬೋಟ್ ಎದುರಾಳಿಯನ್ನು ತಳ್ಳುವಾಗ 20 ಆಂಪಿಯರ್ ಹರಿದರೆ 0.7 ವೋಲ್ಟ್ ದಾರಿಯಲ್ಲೇ ಖರ್ಚು, ಸುಮಾರು 14 ವ್ಯಾಟ್ ತಂತಿಯನ್ನು ಬಿಸಿ ಮಾಡಲು ಖರ್ಚು. ದಾರಿಯನ್ನು ಅರ್ಧ ಮೀಟರಿಗೆ ಇಳಿಸಿದರೆ ನಷ್ಟವೂ ಕಾಲು ಭಾಗಕ್ಕೆ ಇಳಿಯಿತು. ಒಟ್ಟು ತಂತಿ ಹನ್ನೊಂದು ಮೀಟರಿನಿಂದ ಐದಕ್ಕೆ ಬಂದು ಮತ್ತೆ 80 ಗ್ರಾಂ ಕಡಿಮೆಯಾಯಿತು. ಪೇಪರ್ ಅಂಗಡಿಯ ತಕ್ಕಡಿ ಈಗ 4 ಕಿಲೋ 870 ಗ್ರಾಂ ತೋರಿಸಿತು.

ಆಮೇಲೆ ಎಸ್.ಪಿ. ರಸ್ತೆಗೆ ಹೋದೆವು. ತಂತಿಯ ತುದಿಗೆ ತೊಡಿಸಿ ಇಕ್ಕಳದಿಂದ ಅದುಮುವ ಪುಟ್ಟ ತಾಮ್ರದ ಕೊಳವೆಗಳನ್ನು ಕೊಂಡೆವು. ಸ್ಕ್ರೂ ಕೆಳಗೆ ಈಗ ಸೋಲ್ಡರಿನ ಬದಲು ಈ ಕೊಳವೆ. ಬ್ಯಾಟರಿಯ ಧನಕ್ಕೆ ಕೆಂಪು, ಋಣಕ್ಕೆ ಕಪ್ಪು, ಸಂಕೇತಗಳಿಗೆ ಹಳದಿ. ಮೋಟಾರಿನ ತಂತಿಗಳು ಒಂದು ಬದಿ, ಸಂಕೇತದ ತಂತಿಗಳು ಇನ್ನೊಂದು ಬದಿ. ಮೋಟಾರಿನ ತಂತಿಯ ಏರಿಳಿವ ಪ್ರವಾಹ ಪಕ್ಕದ ಸಂಕೇತವನ್ನು ಕಲಕಬಲ್ಲದು. ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ, ಎಲ್ಲಕ್ಕಿಂತ ಮೇಲೆ, ಬೆರಳಿಗೆ ಸಿಗುವಂತೆ. ಪ್ರತಿ ತಂತಿಯ ಎರಡೂ ತುದಿಗೆ ಅಂಕಿ ಬರೆದ ಚೀಟಿ. ‘ನಾನು ಅವತ್ತು ರಜಾ ಆದರೂ ಇವರಿಗೆ ಗೊತ್ತಾಗಬೇಕು, ಸಾರ್’ ಎಂದಳು ಹುಡುಗಿ.

ಆ ಮಾತು ಕೇಳಿದಾಗ ನನಗೆ ಪೀಣ್ಯ ನೆನಪಾಯಿತು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಕಟ್ಟಿದ್ದು ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. ತೂಕ 360 ಕಿಲೋ, ಉಡಾವಣೆ 1975ರ ಏಪ್ರಿಲ್ 19. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಅಷ್ಟು ಎತ್ತರಕ್ಕೆ ಹೋಗಿ ಮುಚ್ಚಳ ತೆಗೆಯುವವರು ಯಾರು? 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ವಿಕ್ರಮ್‌ನೊಳಗಿದ್ದ ಪ್ರಜ್ಞಾನ್ ಆರು ಚಕ್ರ, ಸೌರಫಲಕ ಎಲ್ಲ ಸೇರಿ 26 ಕಿಲೋ. ಅಲ್ಲಿಯೂ ಸ್ಕ್ರೂ ಬಿಗಿ ಮಾಡಲು ಕೈ ಇಲ್ಲ. ನೆಲದ ಮೇಲಿರುವ ನಮಗೆ ಮುಚ್ಚಳ ತೆಗೆಯುವ ಭಾಗ್ಯವಿದೆ. ತೆಗೆದಾಗ ಒಳಗಿನದು ಅರ್ಥವಾಗುವಂತಿರಬೇಕು, ಅಷ್ಟೆ.

ಸ್ಪರ್ಧೆ ಹೋದ ವಾರ ಮುಗಿಯಿತು. ಎರಡನೆಯ ಸುತ್ತಿನಲ್ಲಿ ರೋಬೋಟ್ ಗೋಡೆಗೆ ಒತ್ತಿಕೊಂಡು ನಿಂತುಬಿಟ್ಟಿತು. ಮುಚ್ಚಳ ತೆಗೆದರು, ಫ್ಯೂಸು ಹೋಗಿತ್ತು, ಬದಲಾಯಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಬದಲಾಯಿಸಿದವನು ಕಳೆದ ವರ್ಷ ಬಸ್ಸಿನಲ್ಲಿ ಅವಳನ್ನು ದೂರಿದ ಹುಡುಗ. ಅವಳು ಆಗ ಎದುರಾಳಿಗಳ ಆಟ ನೋಡಲು ಹೋಗಿದ್ದಳು. ನಮಗೆ ನಾಲ್ಕನೇ ಸ್ಥಾನ ಬಂತು, ಬಹುಮಾನ ಇದ್ದದ್ದು ಮೂವರಿಗೆ.

ಮನೆಯಲ್ಲಿ ಮೇಜು ಮತ್ತೆ ಊಟಕ್ಕೆ ಸಿಕ್ಕಿದೆ. ರಟ್ಟಿನ ಚೂರುಗಳನ್ನು ಮಾತ್ರ ಹುಡುಗಿ ಎಸೆಯಲು ಬಿಡಲಿಲ್ಲ. ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ‘ಮುಂದಿನ ವರ್ಷದವರಿಗೆ’ ಎಂದು ಬರೆದು ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟಿದ್ದಾಳೆ.