ಹಾವಿಗೆ ಹಾಲೆರೆಯುವ ಮುನ್ನ

ಜೆ. ಪಿ. ನಗರದ ಓದುಗರೊಬ್ಬರು ಕಳೆದ ವಾರ ಪತ್ರ ಬರೆದು, ಪಿ.ಯು.ಸಿ. ಓದುತ್ತಿರುವ ತಮ್ಮ ಮಗ ಮನೆಯಲ್ಲಿ ‘ಬೋವಾ’ ಜಾತಿಯ ಹಾವೊಂದನ್ನು ಸಾಕಬೇಕೆಂದು ಹಟ ಹಿಡಿದಿದ್ದಾನೆಂದೂ, ವಿಷವಿಲ್ಲದ ಹಾವಾದುದರಿಂದ ಒಪ್ಪಬಹುದೇ ಎಂದೂ ಕೇಳಿದ್ದಾರೆ. ಕನ್ನಡ ಪಾಠ ಹೇಳುವವನನ್ನು ಹಾವಿನ ಸಂಗತಿ ಕೇಳಿದ್ದೇಕೆಂಬುದು ನನಗೂ ಸೋಜಿಗವೆ. ಆದರೆ ಅಂತಹ ಹಾವಿರುವ ಮನೆಯೊಂದಕ್ಕೆ ನಾನು ಆಗಾಗ ಹೋಗಿಬರುವುದುಂಟು. ಆದುದರಿಂದ ಉತ್ತರ ಹೇಳುವ ಧೈರ್ಯ ಮಾಡುತ್ತೇನೆ.

ಮೊದಲು ಹೆಸರಿನ ಮಾತು. ಬೋವಾ ಕನ್‌ಸ್ಟ್ರಿಕ್ಟರ್ ಎಂಬುದು 1758ರಲ್ಲಿ ಲಿನೀಯಸನು ಇಟ್ಟ ಶಾಸ್ತ್ರೀಯ ನಾಮ. ಪಂಡಿತರು ಇಟ್ಟ ಹೆಸರೇ ಬೀದಿಯ ಬಳಕೆಯಲ್ಲಿಯೂ ನಿಂತದ್ದು ಪ್ರಾಣಿಗಳಲ್ಲಿ ಅಪರೂಪ. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಈ ಹಾವು ನೋಟಕ್ಕೆ ನಮ್ಮ ಹೆಬ್ಬಾವಿನಂತೆಯೇ ಇದ್ದರೂ ಒಕ್ಕಲು ಬೇರೆ. ಹೆಬ್ಬಾವು ಮೊಟ್ಟೆಯಿಟ್ಟು, ಅದನ್ನು ಸುತ್ತಿ ಮಲಗಿ ಕಾವು ಕೊಡುತ್ತದೆ. ಬೋವಾ ಮರಿಯನ್ನೇ ಹಾಕುತ್ತದೆ. ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ಹತ್ತಿರದ ನೆಂಟನೆಂದರೆ ಇರ್ತಲೆ ಹಾವು, ಅರ್ಥಾತ್ ಮಣ್ಣುಮುಕ್ಕ. ಅದರ ದುರದೃಷ್ಟದ ಕತೆಯನ್ನು ಮುಂದೆ ಹೇಳುತ್ತೇನೆ.

ವಿಷವಿಲ್ಲವೆಂಬುದು ನಿಜ. ಬೇಟೆಯನ್ನು ಸುತ್ತಿ ಅಮುಕಿ ಕೊಲ್ಲುವುದೇ ಇದರ ಕ್ರಮ. ಅಗಸ್ತ್ಯರ ಶಾಪದಿಂದ ಅಜಗರನಾದ ನಹುಷನ ಹಿಡಿತಕ್ಕೆ ಸಿಕ್ಕಿ ಭೀಮನಂಥ ಭೀಮನೂ ಅಲುಗಾಡಲಾರದೆ ಹೋದ ಪ್ರಸಂಗ ನಮಗೆಲ್ಲ ಗೊತ್ತಿರುವುದೇ. ಹೀಗೆ ಸುತ್ತಿಕೊಂಡಾಗ ಉಸಿರು ಕಟ್ಟಿ ಪ್ರಾಣಿ ಸಾಯುತ್ತದೆಂದು ಬಹುಕಾಲ ನಂಬಲಾಗಿತ್ತು. 2015ರಲ್ಲಿ ಅಮೆರಿಕದ ಸಂಶೋಧಕರು ಬೋವಾದ ಹಿಡಿತಕ್ಕೆ ಸಿಕ್ಕ ಇಲಿಗಳ ರಕ್ತದ ಒತ್ತಡವನ್ನು ಅಳೆದು ನೋಡಿದರು. ಕೆಲವೇ ಕ್ಷಣಗಳಲ್ಲಿ ರಕ್ತಸಂಚಾರವೇ ನಿಲ್ಲುತ್ತದೆಂದು ತಿಳಿದುಬಂದಿತು. ಬೇಟೆಯ ಎದೆಬಡಿತವನ್ನು ಮೈಯಿಂದಲೇ ಅರಿತು, ಅದು ನಿಂತ ಬಳಿಕ ಹಾವು ಬಿಗಿತ ಸಡಿಲಿಸುತ್ತದೆಂಬುದೂ ಪ್ರಯೋಗಗಳಿಂದ ತಿಳಿದಿದೆ.

ಇನ್ನು ಆರೈಕೆ. ಬನಶಂಕರಿ 2ನೆಯ ಹಂತದ ನನ್ನ ಪರಿಚಿತರ ಮನೆಯಲ್ಲಿ ಮಗನು ಕಾಲೇಜಿನ ದಿನಗಳಲ್ಲಿ ತಂದದ್ದು ಒಂದೂವರೆ ಅಡಿಯ ಮರಿ. ಅದೀಗ ಏಳಡಿಯಾಗಿದೆ. ಮಗನೋ, ಉನ್ನತ ವ್ಯಾಸಂಗಕ್ಕೆಂದು ಜರ್ಮನಿಯಲ್ಲಿದ್ದಾನೆ. ಹಾವು ಮಾತ್ರ ಅವನ ಕೋಣೆಯಲ್ಲಿ, ಆರಡಿ ಉದ್ದ ಎರಡಡಿ ಅಗಲದ ಗಾಜಿನ ಬಾಗಿಲಿನ ಪೆಟ್ಟಿಗೆಯಲ್ಲಿದೆ. ನಿವೃತ್ತರಾದ ತಂದೆ, ಈರುಳ್ಳಿಯನ್ನೂ ಅಡಿಗೆಮನೆಗೆ ಸೇರಿಸದ ತಾಯಿ, ಇವರಿಬ್ಬರೇ ಈಗ ಅದರ ಪೋಷಕರು.

ಹಾವಿನ ಮೈ ತಾನಾಗಿ ಬಿಸಿಯನ್ನು ಹುಟ್ಟಿಸಿಕೊಳ್ಳಲಾರದು. ಹೊರಗಿನ ಶಾಖವೇ ಅದಕ್ಕೆ ಗತಿ. ಪೆಟ್ಟಿಗೆಯ ಒಂದು ಮಗ್ಗುಲು 31–32 ಡಿಗ್ರಿ, ಇನ್ನೊಂದು ಮಗ್ಗುಲು 25–26 ಡಿಗ್ರಿ ಇರಬೇಕು. ಬೇಕಾದಂತೆ ಅತ್ತಿತ್ತ ಸರಿದು ಅದು ತನ್ನ ಹದ ಕಂಡುಕೊಳ್ಳುತ್ತದೆ. ಬೆಂಗಳೂರಿನ ಹವೆ ಹಿತವೆಂದು ನಾವು ಹೆಮ್ಮೆಪಡುತ್ತೇವಷ್ಟೆ! ಜನವರಿಯ ರಾತ್ರಿ 15–16 ಡಿಗ್ರಿಗೆ ಇಳಿಯುವ ಈ ಹಿತವು ಬೋವಾದ ಪಾಲಿಗೆ ವ್ಯಾಧಿ. ಚಳಿ ತಗುಲಿದರೆ ತಿಂದದ್ದು ಅರಗದು, ಶ್ವಾಸಕೋಶಕ್ಕೆ ಸೋಂಕು ಬರುತ್ತದೆ. ಆದುದರಿಂದ ಆ ಮನೆಯಲ್ಲಿ ಶಾಖವನ್ನು ತಾನೇ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇದೆ. ವಿದ್ಯುತ್ತು ಹೋದ ರಾತ್ರಿ ತಂದೆಯವರು ಎದ್ದು, ಬಿಸಿನೀರಿನ ಬಾಟಲಿಗಳಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಟ್ಟು, ಮೇಲೆ ಕಂಬಳಿ ಹೊದಿಸುತ್ತಾರೆ. ಮೊಮ್ಮಗುವಿಗೂ ಇಷ್ಟು ಮಾಡುತ್ತಿದ್ದರೋ ಇಲ್ಲವೋ!

ಆಹಾರದ ಮಾತು ಬಂದಾಗ ನಮ್ಮಂಥ ಮನೆಗಳಲ್ಲಿ ನಿಜವಾದ ಪರೀಕ್ಷೆ. ಹಾವಿಗೆ ಹಾಲೆರೆದಂತೆ ಎಂಬ ಗಾದೆಯನ್ನು ಕೃತಘ್ನರ ವಿಷಯದಲ್ಲಿ ಬಳಸುತ್ತೇವೆ. ವಾಸ್ತವವಾಗಿ ಹಾಲು ಹಾವಿನ ಆಹಾರವೇ ಅಲ್ಲ. ಬಾಯಾರಿದ ಹಾವು ಕುಡಿದರೂ ಕುಡಿದೀತು, ಅರಗಿಸಿಕೊಳ್ಳಲಾರದು. ಅನ್ಯಾಯವಾಗುವುದು ಎರೆದವನಿಗಲ್ಲ, ಹಾವಿಗೆ. ಬೆಳೆದ ಬೋವಾಕ್ಕೆ ಎರಡು ಮೂರು ವಾರಕ್ಕೊಮ್ಮೆ ಒಂದು ದೊಡ್ಡ ಇಲಿ ಸಾಕು; ಹೆಚ್ಚಾದರೆ ಬೊಜ್ಜು. ಜೀವಂತ ಇಲಿಯನ್ನು ಬಿಡಬಾರದು, ಅದೇ ಹಾವನ್ನು ಕಚ್ಚಿ ಗಾಯಮಾಡೀತು. ಹೆಪ್ಪುಗಟ್ಟಿಸಿದ ಇಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಉದ್ದನೆಯ ಚಿಮಟದಿಂದ ಹಿಡಿದು ತೋರಿಸಬೇಕು. ಈ ಕಾರ್ಯಕ್ಕಾಗಿ ಆ ಮನೆಯ ಮಹಡಿಯ ಮೇಲೆ ಬೇರೆಯೇ ಚಿಕ್ಕ ಫ್ರಿಜ್ ಬಂದಿದೆ. ಅದನ್ನೆಲ್ಲ ಮಾಡುವವರು ಆ ತಾಯಿಯೇ. ‘ಸುಬ್ಬಪ್ಪ’ ಎಂದು ಹೆಸರೂ ಇಟ್ಟಿದ್ದಾರೆ. “ಏನು ಮಾಡೋದು ಮೇಷ್ಟ್ರೇ, ಮನೆಯೊಳಗೆ ಒಂದು ಜೀವ ಹಸಿದುಕೊಂಡಿರೋವಾಗ ನನ್ನ ಮಡಿ ನೋಡ್ಕೊಳ್ಳಲಾ? ಕೊಟ್ಟು ಬಂದು ತಲೆಗೆ ನೀರು ಹಾಕ್ಕೋತೀನಿ” ಎಂದು ಅವರು ಹೇಳಿದಾಗ ನಾನು ಸುಮ್ಮನಾದೆ.

ತಿಂದ ಮೇಲೆ ಎರಡು ದಿನ ಮುಟ್ಟುವಂತಿಲ್ಲ; ಮುಟ್ಟಿದರೆ ಕಕ್ಕುತ್ತದೆ. ಪೊರೆ ಬಿಡುವ ಕಾಲ ಸಮೀಪಿಸಿದಾಗ ಕಣ್ಣು ನೀಲಿಯಾಗಿ ಮಸುಕುಗಟ್ಟುತ್ತದೆ. ಆಗ ಕಣ್ಣು ಸರಿಯಾಗಿ ಕಾಣದೆ ಸಿಡುಕುತ್ತದೆ. ಪೆಟ್ಟಿಗೆಯಲ್ಲಿ ತೇವ ಸಾಲದಿದ್ದರೆ ಪೊರೆ ಚೂರುಚೂರಾಗಿ ಅಂಟಿಕೊಂಡು ಉಳಿಯುತ್ತದೆ. ಅಡಗಲು ಒಂದು ಗೂಡು, ಮೈ ಅದ್ದುವಷ್ಟು ನೀರಿನ ತೊಟ್ಟಿ, ಇವೆರಡೂ ಇರಲೇಬೇಕು. ಹಾವಿಗೆ ಔಷಧ ಮಾಡಬಲ್ಲ ಪಶುವೈದ್ಯರನ್ನು ಮೊದಲೇ ಹುಡುಕಿಟ್ಟುಕೊಳ್ಳುವುದು ಮೇಲು, ಅವರು ಬೀದಿಗೊಬ್ಬರಿಲ್ಲ. ಇಷ್ಟೆಲ್ಲ ಮಾಡಿದವರನ್ನು ಅದು ಪ್ರೀತಿಸುವುದೇ? ನಾಯಿಯಂತೆ ಬಾಲವಾಡಿಸುವುದನ್ನು ನಿರೀಕ್ಷಿಸುವವರು ನಾಯಿಯನ್ನೇ ಸಾಕಲಿ. ಬೋವಾ ನಮ್ಮನ್ನು ಸಹಿಸಿಕೊಳ್ಳುತ್ತದೆ, ಅಷ್ಟೆ.

ನನ್ನ ಮುಖ್ಯ ಆಕ್ಷೇಪ ಆಯುಷ್ಯದ್ದು. ಒಳ್ಳೆಯ ಆರೈಕೆಯಲ್ಲಿ ಬೋವಾ 20ರಿಂದ 30 ವರ್ಷ ಬಾಳುತ್ತದೆ. ಫಿಲಡೆಲ್ಫಿಯ ಮೃಗಾಲಯದಲ್ಲಿ ಒಂದು 40 ವರ್ಷಕ್ಕೂ ಮೇಲ್ಪಟ್ಟು ಬದುಕಿ 1977ರಲ್ಲಿ ಸತ್ತಿತು. ಹದಿನೇಳರ ಹುಡುಗ ಇಂದು ತಂದ ಹಾವು ಅವನ ಉದ್ಯೋಗ, ಮದುವೆ, ಪರದೇಶವಾಸ ಎಲ್ಲವನ್ನೂ ದಾಟಿ ಅಪ್ಪ ಅಮ್ಮಂದಿರ ಮುಪ್ಪಿನೊಳಗೆ ಹರಿದು ಬರುತ್ತದೆ. ಬನಶಂಕರಿಯ ಆ ತಂದೆಗೆ ಈಗ 68. ಏಳಡಿಯ ಹಾವನ್ನು ಹೊರತೆಗೆಯಲು ಇಬ್ಬರು ಬೇಕು, ಮನೆಯಲ್ಲಿರುವುದೇ ಇಬ್ಬರು.

ಕಾನೂನಿನ ಸಂಗತಿ. ನಮ್ಮ ಹೆಬ್ಬಾವು, ಇರ್ತಲೆ ಹಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಬೋವಾ ಪರದೇಶದ್ದು, ಆದರೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. 2022ರಲ್ಲಿ ಕಾಯಿದೆ ತಿದ್ದುಪಡಿಯಾಗಿ, 2024ರ ಫೆಬ್ರವರಿಯಲ್ಲಿ ನಿಯಮಗಳು ಹೊರಬಿದ್ದ ಮೇಲೆ ಇಂಥವುಗಳನ್ನು ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಕೈ ಬದಲಾದರೂ, ಸತ್ತರೂ ತಿಳಿಸಬೇಕು. ಬನಶಂಕರಿಯವರು ನೋಂದಾಯಿಸಿದ್ದಾರೆ. ಆದರೆ ಮಾರುವವನು ಕಾಗದಪತ್ರ ತೋರಿಸದಿದ್ದರೆ ಆ ಮರಿ ಎಲ್ಲಿಂದ ಬಂದಿರಬಹುದೆಂಬುದನ್ನು ಯೋಚಿಸಿ. 2023ರ ಆಗಸ್ಟಿನಲ್ಲಿ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕವು, ಹೆಬ್ಬಾವುಗಳೂ ಇದ್ದವು. ಜತೆಗಿದ್ದ ಕಾಂಗರೂ ಮರಿ ಉಸಿರುಕಟ್ಟಿ ಸತ್ತಿತ್ತು. 2024ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ ಹಳದಿ ಅನಕೊಂಡಗಳು ಹತ್ತು ಸಿಕ್ಕವು. ಅವೂ ಬೋವಾದ ವಂಶದವೇ.

ಇರ್ತಲೆ ಹಾವಿನ ಪಾಡು ಇನ್ನೂ ಕಷ್ಟ. ಮೊಂಡಾದ ಬಾಲ ತಲೆಯಂತೆ ಕಾಣುತ್ತದೆಂಬುದೇ ಅದರ ತಪ್ಪು. ಇಟ್ಟುಕೊಂಡವರಿಗೆ ಐಶ್ವರ್ಯ ಬರುವುದೆಂದು ಹೇಳಿ, ಲಕ್ಷ ಕೋಟಿಗಳ ಮಾತಾಡಿ ಮಾರುವ ದಗಾಕೋರರನ್ನು ನಮ್ಮ ರಾಜ್ಯದ ಪೊಲೀಸರು ಮತ್ತೆ ಮತ್ತೆ ಹಿಡಿಯುತ್ತಿದ್ದಾರೆ; ಕೊಳ್ಳುವವರಲ್ಲಿ ಓದಿದವರೂ ಇರುತ್ತಾರೆ. ಹೊಲದ ಇಲಿಗಳನ್ನು ತಿಂದು ರೈತನಿಗೆ ನೆರವಾಗುವುದಷ್ಟೇ ಆ ಬಡಪಾಯಿ ತರಬಲ್ಲ ಐಶ್ವರ್ಯ.

ಆದುದರಿಂದ ಜೆ. ಪಿ. ನಗರದ ಮಿತ್ರರಿಗೆ ನನ್ನ ಸಲಹೆ, ಬೇಡವೆಂದೇ. ಹಾವಿನ ಮೇಲಣ ಹುಡುಗನ ಕುತೂಹಲ ಒಳ್ಳೆಯದು. ಬನ್ನೇರುಘಟ್ಟದ ಉದ್ಯಾನ ದೂರವೇನಿಲ್ಲ.

ಈಗಾಗಲೇ ಸಾಕಿ ಸೋತವರಿಗೆ ಒಂದು ಮಾತು. ತುರಹಳ್ಳಿ ಕಾಡಿಗೋ ಸಾರಕ್ಕಿ ಕೆರೆಯಂಚಿಗೋ ಬಿಟ್ಟುಬರುವ ಆಲೋಚನೆ ಖಂಡಿತ ಬೇಡ. ಚಳಿಯಲ್ಲಿ ಹಾವು ಸಾಯಬಹುದು. ಇಲ್ಲವೇ ಜನ ಹೊಡೆದುಹಾಕಬಹುದು. ಬದುಕಿ ಉಳಿದರೂ ಕೇಡೇ: ಕೆರಿಬಿಯನ್ ಸಮುದ್ರದ ಅರೂಬ ದ್ವೀಪದಲ್ಲಿ 1999ರಲ್ಲಿ ಕಾಣಿಸಿಕೊಂಡ ಹೊರಗಿನ ಬೋವಾಗಳು ಸಂತಾನ ಬೆಳೆಸಿ, ಅಲ್ಲಿಯ ಹಕ್ಕಿ ಹಲ್ಲಿಗಳನ್ನು ತಿನ್ನುತ್ತಲೇ ಇವೆ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಹೇಳಿದಲ್ಲಿಗೆ ಒಪ್ಪಿಸಿ. ಒಪ್ಪಿಸುವಾಗ ನೋಂದಣಿಯ ಕಾಗದದ ಜತೆಗೆ ಒಂದು ಚೀಟಿಯನ್ನೂ ಇಡಿ: ಕೊನೆಯ ಸಲ ತಿಂದ ತಾರೀಖು, ಪೊರೆ ಬಿಟ್ಟ ತಾರೀಖು, ಪೆಟ್ಟಿಗೆಯ ಶಾಖ ಎಷ್ಟಿತ್ತೆಂಬುದು. ಮುಂದೆ ನೋಡಿಕೊಳ್ಳುವವರಿಗೆ ಹಾವು ತಾನಾಗಿ ಹೇಳಲಾರದ ಸಂಗತಿಗಳು ಇವೇ.