ಚಾಲಕನ ಕಣ್ಣು ದಾರಿಯ ಮೇಲಿರಲಿ

ವಾಹನ ನಡೆಸುತ್ತ ಕೈಯಲ್ಲಿ ಫೋನು ಹಿಡಿದು ಬಳಸುವುದು 2019ರ ತಿದ್ದುಪಡಿಯ ಮೇರೆಗೆ ಅಪಾಯಕರ ಚಾಲನೆಯೆಂದೇ ಗಣಿಸಲ್ಪಡುತ್ತದೆ. ಮೊದಲ ಅಪರಾಧಕ್ಕೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 1,000ದಿಂದ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕಾಯಿದೆ ಕಠಿನವಾದುದೇ ಸರಿ. ಆದರೆ ಅದು ಚಾಲಕನ ಕೈಯನ್ನು ನೋಡುತ್ತದೆ. ಅವನ ಕಣ್ಣನ್ನು ಸೆಳೆಯುವ ಯಂತ್ರವನ್ನು ನೋಡುವುದಿಲ್ಲ.

ಗಂಟೆಗೆ 60 ಕಿಲೋಮೀಟರು ವೇಗದ ವಾಹನವು ಎರಡು ಸೆಕೆಂಡಿನಲ್ಲಿ 33 ಮೀಟರು ಮುಂದೆ ಸಾಗಿರುತ್ತದೆ. ಆ ಹೊತ್ತು ಚಾಲಕನು ಬೇರೆಡೆ ನೋಡಿದರೆ ಅಷ್ಟು ದೂರ ಕಣ್ಣು ಮುಚ್ಚಿ ನಡೆಸಿದಂತೆಯೇ ಆಯಿತು. ಹಿಂದಿನ ಕಾರಿನ ಗುಂಡಿಯನ್ನು ಬೆರಳು ತಡವಿಯೇ ಗುರುತಿಸುತ್ತಿತ್ತು. ಇಂದಿನ ನುಣುಪು ಪರದೆಗೆ ಕಣ್ಣೇ ಬೇಕು. ಇದನ್ನರಿತು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು, ಒಂದು ನೋಟ ಎರಡು ಸೆಕೆಂಡನ್ನೂ, ಇಡೀ ಕೆಲಸ ಹನ್ನೆರಡು ಸೆಕೆಂಡನ್ನೂ ಮೀರದಂತೆ ಯಂತ್ರಗಳನ್ನು ರಚಿಸಬೇಕೆಂದು 2013ರಲ್ಲಿಯೇ ತಯಾರಕರಿಗೆ ಸಲಹೆಯಿತ್ತಿತು. ಯುರೋಪಿನ ಕಾರು ಪರೀಕ್ಷಾ ಸಂಸ್ಥೆಯಾದ ಯುರೋ ಎನ್‌ಕ್ಯಾಪ್ ತನ್ನ 2026ರ ಕ್ರಮದಲ್ಲಿ ಹಾರನ್, ವೈಪರ್, ತಿರುವಿನ ದೀಪ ಮೊದಲಾದವುಗಳಿಗೆ ಪ್ರತ್ಯೇಕ ಗುಂಡಿಗಳಿರುವುದಕ್ಕೆ ಅಂಕಗಳನ್ನಿರಿಸಿದೆ.

ನಮ್ಮಲ್ಲಿ 2020ರ ನಿಯಮವು ದಾರಿ ತಿಳಿಯಲು ಮಾತ್ರ, ಅದೂ ಗಮನ ಕೆಡದಂತೆ, ಫೋನು ಬಳಸಲು ಅನುಮತಿಸುತ್ತದೆ. ವಾಸ್ತವ ಸ್ಥಿತಿಯೇನು? ರಿಕ್ಷಾದ ಹಿಡಿಗೆ ಸಿಕ್ಕಿಸಿದ ಫೋನು ದಾರಿಯನ್ನಷ್ಟೇ ತೋರಿಸುವುದಿಲ್ಲ. ಓಡುತ್ತಿರುವಾಗಲೇ ಮುಂದಿನ ಬಾಡಿಗೆಯ ಕರೆಯನ್ನೂ ತರುತ್ತದೆ. ಕೆಲವೇ ಸೆಕೆಂಡಿನಲ್ಲಿ ಒತ್ತದಿದ್ದರೆ ಆ ಬಾಡಿಗೆ ಇನ್ನೊಬ್ಬನ ಪಾಲು. ನಮ್ಮ ಹೋಟೆಲುಗಳ ಗಲ್ಲೆಯೆದುರು ಪಾರ್ಸೆಲ್ಲಿಗಾಗಿ ಕಾದು ನಿಲ್ಲುವ ತರುಣರ ಅವಸ್ಥೆಯೂ ಇದಕ್ಕಿಂತ ಭಿನ್ನವಲ್ಲ. ಹೊಟ್ಟೆಪಾಡಿಗಾಗಿ ಪರದೆ ನೋಡುವವನಿಗೆ ದಂಡ, ನೋಡದೆ ವಿಧಿಯಿಲ್ಲದಂತೆ ಮಾಡಿದವನಿಗೆ ಲಾಭ ಎಂಬುದು ಯಾವ ನ್ಯಾಯ?

ಚಾಲಕನ ಹೊಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಣೆ ಅವನೊಬ್ಬನದೇ ಆಗಬಾರದು. ಚಕ್ರ ತಿರುಗುತ್ತಿರುವಷ್ಟು ಹೊತ್ತು ಹೊಸ ಕರೆ ಪರದೆಯ ಮೇಲೆ ಮೂಡಬಾರದು. ವಾಹನ ನಿಂತ ಮೇಲೆ ಉತ್ತರಿಸಿದವನಿಗೆ ನಷ್ಟವಾಗಬಾರದು. ಅವಶ್ಯ ಕೆಲಸಗಳಿಗೆ ಕಾರಿನಲ್ಲಿ ಗುಂಡಿಗಳೇ ಇರಬೇಕು. ಸರಕಾರವು ಈ ಮೂರನ್ನೂ ನಿಯಮವಾಗಿ ವಿಧಿಸುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ನಮ್ಮ ವಾಚಕರೂ ಕೈಲಾದುದನ್ನು ಮಾಡಬಹುದು. ರಿಕ್ಷಾ ಏರಿದೊಡನೆ, ಅದು ಹೊರಡುವ ಮೊದಲೇ, ಹೋಗಬೇಕಾದ ಸ್ಥಳವನ್ನು ಸ್ಪಷ್ಟವಾಗಿ ಹೇಳಬೇಕು. ಪಾರ್ಸೆಲ್ ಹೊತ್ತು ಹೊರಟ ಹುಡುಗನಿಗೆ ‘ಎಲ್ಲಿದ್ದೀಯಪ್ಪ’ ಎಂದು ಮತ್ತೆ ಮತ್ತೆ ಫೋನು ಮಾಡಬಾರದು. ಊಟ ಹತ್ತು ನಿಮಿಷ ತಡವಾದರೆ ಹಾನಿಯಿಲ್ಲ; ಆ ಹುಡುಗನು ಸುಖವಾಗಿ ಮನೆ ಸೇರಬೇಕು.