ಅದು ಜೋಡಿ ಅಲ್ಲ ಸ್ವಾಮಿ, ಜೀತ



ಪೋಸ್ಟು ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬಯ್ಯೋರು ಬಯ್ಯಿರಿ.

ನಮ್ಮ ತುಮಕೂರು ಕಡೆ ಶೆಟ್ಟಿಹಳ್ಳಿ ಅನ್ನೋ ಹೆಸರು ಒಂದೇ ಊರಿಗಿಲ್ಲ. ಸಿಟಿ ಒಳಗೇ ಒಂದಿದೆ, ಗುಬ್ಬಿ ಕಡೆ ಇದೆ, ಕುಣಿಗಲ್ ಕಡೆ ಇದೆ. ನಂದು ಯಾವುದು ಅಂತ ಗೊತ್ತಿರೋರಿಗೆ ಗೊತ್ತು. ಗೊತ್ತಿಲ್ಲದವರು ಯಾವುದನ್ನಾದ್ರೂ ಮನಸಲ್ಲಿಟ್ಕೊಂಡು ಓದಿ, ಕಥೆ ಏನೂ ಬದಲಾಗಲ್ಲ.

ನವೆಂಬರಲ್ಲಿ ಊರಲ್ಲಿ ರಾಜ್ಯೋತ್ಸವ ಮಾಡಿದ್ರು. ಸ್ಟೇಜು, ಲೈಟು, ಮೈಕ್ ಸೆಟ್ಟು, ಭುವನೇಶ್ವರಿ ಫೋಟೋ ಎಲ್ಲ ಇತ್ತು. ಮಕ್ಕಳಿಂದ ಒಂದು ಕಾಮಿಡಿ ಸ್ಕಿಟ್ಟು. ಟಿವಿಲಿ ಬರೋ ಥರದ್ದೇ: ಒಬ್ಬ ಗೌಡ, ಒಬ್ಬ ಆಳು. ಗೌಡನ ಪಾತ್ರಕ್ಕೆ ಎತ್ತರದ ಹುಡುಗ, ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು. ಆಳಿನ ಪಾತ್ರಕ್ಕೆ ನಮ್ಮಣ್ಣನ ಮಗ. ಏಳನೇ ಕ್ಲಾಸು. ಕುಳ್ಳ, ಸಣಕಲ, ಮೈಬಣ್ಣ ಕಪ್ಪು. ಅಷ್ಟು ಸಾಲದು ಅಂತ ಮುಖಕ್ಕೆ ಇದ್ದಿಲು ಬಳಿದಿದ್ರು. ಪಾತ್ರದ ಹೆಸರು ಕರಿಯ. ಅವನು ಬಂದು "ಬುದ್ಧೀ, ಅಸಿವು" ಅನ್ನಬೇಕು. ಗೌಡ "ಅಸಿವು ಅಲ್ಲ ಕಣ್ಲಾ, ಹಸಿವು ಅನ್ನು" ಅಂತ ತಲೆಗೆ ಒಂದು ಬಿಡಬೇಕು. ಇವನು ಮತ್ತೆ "ಅಸಿವು". ಮತ್ತೆ ಏಟು. ಹಿಂಗೆ ಏಳೆಂಟು ಸಲ. ಜನ ಬಿದ್ದು ಬಿದ್ದು ನಕ್ಕರು. ಕೇರಿಯಿಂದ ಹೋಗಿದ್ದ ನಮ್ಮೋರೂ ನಕ್ಕರು. ಸುಳ್ಳು ಯಾಕೆ ಹೇಳಲಿ, ಮೊದಲನೇ ಏಟಿಗೆ ನಾನೂ ನಕ್ಕೆ. ನಾಲ್ಕನೇ ಏಟಿಗೆ ನಗು ಗಂಟಲಲ್ಲೇ ನಿಂತ್ಕೊಂತು.

ಹುಡುಗನಿಗೆ ಬಹುಮಾನ ಬಂತು. ಒಂದು ಸ್ಟೀಲ್ ಟಿಫನ್ ಬಾಕ್ಸು. ಮನೆಗೆ ಬಂದವನೇ "ಚಿಕ್ಕಪ್ಪ, ಎಲ್ರುನೂ ನಗಿಸ್ಬಿಟ್ಟೆ ಅಲ್ವಾ?" ಅಂದ. "ಹೂಂ ಕಣಪ್ಪ, ನಗಿಸ್ದೆ" ಅಂದೆ. ಇನ್ನೇನು ಅನ್ನಲಿ?

ಆಮೇಲೆ ಶಾಲೆಲಿ ಅವನ ಹೆಸರು ಹೋಯ್ತು. ಈಗ ಅವನು "ಅಸಿವು". "ಏ ಅಸಿವು, ಬಾರ್ಲಾ." ಬಿಸಿಯೂಟದ ಸಾಲಲ್ಲಿ ತಟ್ಟೆ ಹಿಡ್ಕೊಂಡು ನಿಂತ್ರೆ "ಅಸಿವು ಬಂದ, ಅಸಿವು ಬಂದ" ಅಂತ ಹಿಂದಿನಿಂದ ರಾಗ. ಒಂದು ವಾರ ಆದ್ಮೇಲೆ ಅವನು ಊಟದ ಸಾಲಿಗೆ ನಿಲ್ಲೋದೇ ಬಿಟ್ಟ. ಸಾಯಂಕಾಲ ನಾಲ್ಕೂವರೆಗೆ ಮನೆಗೆ ಬಂದು ಅಜ್ಜಿ ಹತ್ರ ಮುದ್ದೆ ಕೇಳ್ತಾನೆ. ಹಸಿದಾಗ ಹಸಿವು ಅನ್ನೋ ಪದ ಬಾಯಿಗೆ ತರೋಕೆ ಹೆದರೋ ಮಗು ನಮ್ಮನೇಲಿ ಬೆಳೀತಾ ಇದೆ.

ಕಾರ್ಯಕ್ರಮ ಮಾಡಿದ ಹುಡುಗರ ಹತ್ರ ಮಾತಾಡಿದೆ. ಒಳ್ಳೆ ಹುಡುಗರೇ, ಕೆಟ್ಟೋರಲ್ಲ. "ಅಣ್ಣ, ತಮಾಷೆ ಕಣಣ್ಣ. ನೀವು ಸಂಘಟನೆಯೋರು ಎಲ್ಲದ್ರಲ್ಲೂ ಜಾತಿ ಹುಡುಕ್ತೀರ. ಒಬ್ಬ ಎತ್ತರ ಒಬ್ಬ ಕುಳ್ಳ, ಒಬ್ಬ ಬುದ್ಧಿವಂತ ಒಬ್ಬ ಪೆದ್ದ, ಕಾಮಿಡಿ ಜೋಡಿ ಅಂದ್ರೆ ಪ್ರಪಂಚದಲ್ಲೆಲ್ಲ ಹಂಗೇ" ಅಂದ್ರು.

ಪ್ರಪಂಚದಲ್ಲೆಲ್ಲ ಹಂಗೇನಾ? ಸರಿ, ನೋಡೇ ಬಿಡೋಣ. ಮೊದಲು ನಮ್ಮ ಪ್ರಪಂಚ.

ತುಮಕೂರಲ್ಲಿ ರೈಲು ಹತ್ತಿ ಅರಸೀಕೆರೆ ಕಡೆ ಹೊರಟ್ರೆ ಕನ್ನಡಿಗರ ಅರ್ಧ ನಗು ಆ ಹಳಿ ಮೇಲೇ ಇದೆ. ಗುಬ್ಬಿ ಬಂದ್ರೆ ವೀರಣ್ಣನವರ ನಾಟಕ ಕಂಪನಿ. ವೀರಣ್ಣನವರು ಸ್ವತಃ ದೊಡ್ಡ ಹಾಸ್ಯನಟ, 'ಸದಾರಮೆ' ನಾಟಕದ ಕಳ್ಳನ ಪಾತ್ರಕ್ಕೆ ಹೆಸರಾದವರು. ಮುಂದೆ ತಿಪಟೂರು, ನರಸಿಂಹರಾಜು ಅವರ ಊರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಜೊತೆಗೇ ಸಿನಿಮಾಕ್ಕೆ ಬಂದವರು. ಅಲ್ಲಿಂದ ಮುಂದೆ ಅರಸೀಕೆರೆ, ಬಾಲಕೃಷ್ಣ ಅವರ ಊರು, ನಮ್ಮೆಲ್ಲರ ಬಾಲಣ್ಣ. ಕಡ್ಡಿ ಥರ ಮೈ, ಉಬ್ಬು ಹಲ್ಲು, ಚುರುಕು ಕಣ್ಣಿನ ನರಸಿಂಹರಾಜು ಒಂದು ಕಡೆ. ಕಿವಿ ಸರಿಯಾಗಿ ಕೇಳದಿದ್ರೂ ಮಾತಲ್ಲಿ ಎದುರಿನವರನ್ನ ಮುಳುಗಿಸಿಬಿಡ್ತಿದ್ದ ಬಾಲಣ್ಣ ಇನ್ನೊಂದು ಕಡೆ. ಒಂದಕ್ಕೊಂದು ಹೊಂದದ ಜೋಡಿ. ಹೊಂದದೇ ಇರೋದ್ರಿಂದಲೇ ನಗು.

ಆ ಜೋಡಿ ನೆನಪು ಮಾಡ್ಕೊಳ್ಳಿ. ಇಬ್ಬರ ಮಧ್ಯೆ ಹಗ್ಗಜಗ್ಗಾಟ ಇರ್ತಿತ್ತು. ಈ ಸೀನಲ್ಲಿ ಇವನು ಗೆದ್ರೆ ಮುಂದಿನ ಸೀನಲ್ಲಿ ಅವನು. ಬಾಲಣ್ಣ ಬುದ್ಧಿ ಓಡಿಸಿ ಗುಂಡಿ ತೋಡಿದ್ರೆ ಕೊನೆಗೆ ಬಾಲಣ್ಣನೇ ಆ ಗುಂಡಿಗೆ ಬೀಳ್ತಿದ್ರು. ನರಸಿಂಹರಾಜು ತಮ್ಮ ಹಲ್ಲನ್ನ ತಾವೇ ಬಂಡವಾಳ ಮಾಡ್ಕೊಂಡ್ರು, ಇನ್ನೊಬ್ಬರ ಕೈಗೆ ಕೊಡಲಿಲ್ಲ. ಆ ಕಾಲದ ಸಿನಿಮಾದಲ್ಲಿ ಜಾತಿ ಇರಲಿಲ್ಲ ಅಂತ ನಾನು ಹೇಳ್ತಿಲ್ಲ, ಬೇಕಾದಷ್ಟಿತ್ತು. ಆದ್ರೆ ಆ ಇಬ್ಬರ ನಗುವಿನಲ್ಲಿ ಇಬ್ಬರಿಗೂ ಪಾಲಿತ್ತು. ಜೋಡಿ ಅಂದ್ರೆ ಅದು.

ಈಗ ಹೊರಗಿನ ಪ್ರಪಂಚ. ಡಿಗ್ರಿ ಓದ್ತಿರೋ ಮಗಳು ಯೂಟ್ಯೂಬಲ್ಲಿ ಬ್ರಿಟನ್ನಿನ ಹಳೇ ಸ್ಕೆಚ್ಚುಗಳನ್ನ ತೋರಿಸಿದಳು. 'ದಿ ಟೂ ರೋನೀಸ್' ಅಂತ, ಬಿಬಿಸಿಲಿ 1971ರಿಂದ 1987ರವರೆಗೆ ಬಂದ ಕಾರ್ಯಕ್ರಮ. ಇಬ್ಬರ ಹೆಸರೂ ರೋನಿ. ರೋನಿ ಬಾರ್ಕರ್ ದಪ್ಪ, ರೋನಿ ಕಾರ್ಬೆಟ್ ಕುಳ್ಳ. ಅದರಲ್ಲಿ 1976ರ ಒಂದು ಸ್ಕೆಚ್ಚು ಬಲು ಪ್ರಸಿದ್ಧ. ಸಾಮಾನಿನ ಅಂಗಡಿ. ಅಂಗಡಿಯವನು ಕಾರ್ಬೆಟ್. ಗಿರಾಕಿ ಬಾರ್ಕರ್, ಕೂಲಿ ಕೆಲಸದವನ ಥರ ಬಟ್ಟೆ, ಅದೇ ಥರ ಮಾತು. ಅವನು ಕೇಳೋದು ಅಂಗಡಿಯವನಿಗೆ 'ಫೋರ್ ಕ್ಯಾಂಡಲ್ಸ್' ಅಂತ ಕೇಳ್ಸುತ್ತೆ. ನಾಲ್ಕು ಮೇಣದಬತ್ತಿ ತಂದಿಡ್ತಾನೆ. ಅವನಿಗೆ ಬೇಕಾಗಿದ್ದು 'ಫೋರ್ಕ್ ಹ್ಯಾಂಡಲ್ಸ್', ಅಂದ್ರೆ ತೋಟದಲ್ಲಿ ಮಣ್ಣು ತಿರುವೋ ಫೋರ್ಕಿಗೆ ಹಾಕೋ ಕಾವು. ಯಾಕೆ ಗೊಂದಲ ಆಯ್ತು? ಆ ಕೂಲಿಯವನ ನಾಲಿಗೆ ಮೇಲೆ 'ಹ' ಇಲ್ಲ!

ಮಗಳು ಬಿಡಿಸಿ ಹೇಳಿದಾಗ ನನಗೆ ಮೈ ಜುಮ್ ಅಂತು. ನಮ್ಮ ಹುಡುಗನ ಸ್ಕಿಟ್ಟಲ್ಲಿ ಇದ್ದದ್ದೂ ಅದೇ 'ಹ'. ಹಸು ಅನ್ನೋದನ್ನ ಅಸು ಅನ್ನೋ, ಹೋಗು ಅನ್ನೋದನ್ನ ಓಗು ಅನ್ನೋ ನಮ್ಮೂರ ನಾಲಿಗೆ ಥರದ್ದೇ ಬಡವರ ನಾಲಿಗೆ ಲಂಡನ್ನಲ್ಲೂ ಇದೆ. ಆದ್ರೆ ಅಲ್ಲಿ ಏನಾಗುತ್ತೆ ನೋಡಿ. ಗಿರಾಕಿ ಒಂದು ಸಲಕ್ಕೂ ತಲೆ ತಗ್ಗಿಸಲ್ಲ, ಮಾತು ತಿದ್ಕೊಳ್ಳಲ್ಲ, ಏಟು ತಿನ್ನಲ್ಲ. ತನಗೆ ಬೇಕಾದ್ದನ್ನ ತನ್ನ ಮಾತಲ್ಲೇ ಒಂದೊಂದಾಗಿ ಕೇಳ್ತಾ ಹೋಗ್ತಾನೆ. ತಲೆ ಕೆಟ್ಟು ಹೋಗೋದು ಅಂಗಡಿಯವನಿಗೆ. ನಗು ಹುಟ್ಟೋದು ಪದದಿಂದ. ಆ ಪದ ಆಡಿದವನ ಮಾನ ಹರಾಜಾಗಲ್ಲ.

ಇದೇ ಇಬ್ಬರು ಅದಕ್ಕೂ ಹತ್ತು ವರ್ಷ ಮೊದಲು, 1966ರಲ್ಲಿ, 'ದಿ ಫ್ರಾಸ್ಟ್ ರಿಪೋರ್ಟ್' ಅನ್ನೋ ಕಾರ್ಯಕ್ರಮದಲ್ಲಿ ಜಾನ್ ಕ್ಲೀಸ್ ಜೊತೆ ಸಾಲಾಗಿ ನಿಂತು ವರ್ಗದ ಬಗ್ಗೆ ಒಂದು ಸ್ಕೆಚ್ ಮಾಡಿದ್ರು. ಉದ್ದಕ್ಕಿರೋ ಕ್ಲೀಸ್ ಮೇಲ್ವರ್ಗ, ಬೌಲರ್ ಟೋಪಿ. ಬಾರ್ಕರ್ ಮಧ್ಯಮ ವರ್ಗ. ಕುಳ್ಳ ಕಾರ್ಬೆಟ್ ಕೂಲಿಕಾರ, ತಲೆಗೆ ಕ್ಯಾಪು, ಕತ್ತಿಗೆ ಮಫ್ಲರ್. ಮಧ್ಯದವನು ಮೇಲೆ ನೋಡಿ ಮರ್ಯಾದೆ ಕೊಡ್ತಾನೆ, ಕೆಳಗೆ ನೋಡಿ ತಾತ್ಸಾರ ಮಾಡ್ತಾನೆ. ಕುಳ್ಳನಿಗೆ ಕೊನೆಗೆ ದಕ್ಕೋದು ಮೇಲೆ ನೋಡಿ ನೋಡಿ ಬಂದ ಕತ್ತುನೋವು ಮಾತ್ರ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಯಾವುದನ್ನ ಕರೆದ್ರೋ ಅದನ್ನ ಮೂರು ಜನ ಮೂರು ಎತ್ತರದಲ್ಲಿ ನಿಂತು ಎರಡು ನಿಮಿಷದಲ್ಲಿ ತೋರಿಸಿಬಿಟ್ರು. ಅಲ್ಲಿ ನಗೆಪಾಟಲಾಗಿದ್ದು ಏಣಿ. ನಮ್ಮೂರ ಸ್ಟೇಜಲ್ಲಿ ನಗೆಪಾಟಲಾಗಿದ್ದು ಏಣಿಯ ಕೊನೇ ಮೆಟ್ಟಲಲ್ಲಿ ನಿಂತ ಮಗು.

ಬ್ರಿಟನ್ನಿನವರು ಸಾಚಾ ಅಂತ ಸರ್ಟಿಫಿಕೇಟ್ ಕೊಡ್ತಿಲ್ಲ. ಬಿಳಿಯರು ಮುಖಕ್ಕೆ ಕಪ್ಪು ಬಳ್ಕೊಂಡು ಕುಣಿಯೋ 'ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ' ಅದೇ ಬಿಬಿಸಿಲಿ 1958ರಿಂದ 1978ರವರೆಗೆ, ಇಪ್ಪತ್ತು ವರ್ಷ ಓಡಿತು. ಅವರಿಗೆ ಅದು ತಪ್ಪು ಅಂತ ಹೊಳೆಯೋಕೆ ಇಪ್ಪತ್ತು ವರ್ಷ ಬೇಕಾಯ್ತು. ನಾವಿನ್ನೂ ಕಪ್ಪು ಮುಖಕ್ಕೇ ಇದ್ದಿಲು ಬಳೀತಾ ಕೂತಿದ್ದೀವಿ.

ನಮ್ಮ ಕಡೆ ಹಳ್ಳಿ ನಾಟಕಗಳಲ್ಲಿ 'ಸತ್ಯ ಹರಿಶ್ಚಂದ್ರ' ನೋಡದೋರು ಯಾರು? ಅಲ್ಲೂ ಒಂದು ಹೊಂದದ ಜೋಡಿ ಇದೆ. ರಾಜ ಹರಿಶ್ಚಂದ್ರ, ಅವನನ್ನ ಕೊಂಡ್ಕೊಂಡ ಸುಡುಗಾಡಿನ ವೀರಬಾಹು. ರಾಜ ಹೊಲೆಯನ ಆಳಾದ ಅನ್ನೋದೇ ಆ ಕಥೆಯ ದೊಡ್ಡ ದುಃಖ. ಅಲ್ಲಿ ಜನ ಸೆರಗು ಬಾಯಿಗಿಟ್ಕೊಂಡು ಅಳ್ತಾರೆ. ಹೊಲೆಯ ರಾಜನ ಆಳಾಗಿದ್ದಿದ್ರೆ? ಕಥೆನೇ ಇರ್ತಿರಲಿಲ್ಲ, ಅದು ದಿನಾ ನಡೆಯೋದು. ಒಡೆಯ ಆಳಾದ್ರೆ ಕಣ್ಣೀರು, ಆಳು ಏಟು ತಿಂದ್ರೆ ನಗು. ಯಾರಿಗೆ ಅಳಬೇಕು, ಯಾರಿಗೆ ನಗಬೇಕು ಅಂತ ಜಾತಿ ನಮ್ಮ ಕಣ್ಣಿಗೂ ಬಾಯಿಗೂ ಮೊದಲೇ ಪಾಠ ಹೇಳ್ಕೊಟ್ಟಿದೆ.

ಇನ್ನು ಆ ಹೆಸರು. ಆಳಿನ ಪಾತ್ರಕ್ಕೆ ಯಾವಾಗಲೂ ಕರಿಯ, ಕೆಂಚ, ಮಾರ, ಸಿದ್ದ ಇವೇ ಯಾಕೆ? ಇವು ಜೋಕಿಗೆ ಅಂತ ಹುಟ್ಟಿದ ಹೆಸರಲ್ಲ, ನಮ್ಮ ತಾತಂದಿರ ಹೆಸರು. ನಮ್ಮ ತಾತನ ಹೆಸರೂ ಕರಿಯ. ಕರಿಯಪ್ಪ ಅಲ್ಲ, ಕರಿಯಣ್ಣ ಅಲ್ಲ. ಹೆಸರಿನ ಕೊನೆಗೆ ಅಪ್ಪ, ಅಣ್ಣ ಸೇರಿಸ್ಕೊಂಡ್ರೆ ಊರೋರಿಗೆ ಆಗ್ತಿರಲಿಲ್ಲ. ನಮ್ಮಪ್ಪ ಜೀತಕ್ಕಿದ್ದೋರು. ಲಂಡನ್ನಲ್ಲಿ ಆ ಮೇಣದಬತ್ತಿ ಜೋಕು ಬಂದ 1976ರಲ್ಲೇ ಈ ದೇಶದಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಕಾಯ್ದೆ ಪ್ರಕಾರ ಜೀತ ಹೋಯ್ತು. ಕಾಮಿಡಿ ಪ್ರಕಾರ ಇನ್ನೂ ಹೋಗಿಲ್ಲ. ಒಬ್ಬನೇ ಯಾವಾಗಲೂ ಹೊಡೆಯೋದು, ಒಬ್ಬನೇ ಯಾವಾಗಲೂ ತಿನ್ನೋದು ಅಂದ್ರೆ ಅದು ಜೋಡಿ ಅಲ್ಲ ಸ್ವಾಮಿ, ಜೀತ.

ಈಗ ಕಾಮೆಂಟಲ್ಲಿ ಬರೋ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಬಿಡ್ತೀನಿ.

"ಟಿವಿ ಶೋಗಳಲ್ಲಿ ನಿಮ್ಮೋರೇ ಮಾಡ್ತಾರಲ್ಲ?" ಮಾಡ್ತಾರೆ. ಹಳ್ಳಿಯಿಂದ ಬಂದ ಬಡ ಕಲಾವಿದರು, ಹೊಟ್ಟೆಪಾಡು. ಅವರ ಮೇಲೆ ನನಗೆ ಕೋಪ ಇಲ್ಲ, ಅವರು ಗೆದ್ರೆ ಸಂತೋಷ. ನನ್ನ ಪ್ರಶ್ನೆ ಸ್ಕ್ರಿಪ್ಟ್ ಬರೆಯೋರಿಗೆ, ಜಡ್ಜ್ ಸೀಟಲ್ಲಿ ಕೂತು ಚಪ್ಪಾಳೆ ತಟ್ಟೋರಿಗೆ. ಒಬ್ಬ ಕಲಾವಿದ ಸ್ಟೇಜ್ ಹತ್ತಬೇಕಾದ್ರೆ ತನ್ನ ಬಣ್ಣ, ತನ್ನ ಮಾತು, ತನ್ನಪ್ಪನ ಹೆಸರು ಮೂರನ್ನೂ ಬಾಗಿಲಲ್ಲಿ ಅಡ ಇಡಬೇಕಾ?

"ಹಂಗಾದ್ರೆ ಎಲ್ಲದಕ್ಕೂ ಅಟ್ರಾಸಿಟಿ ಕೇಸ್ ಹಾಕ್ತೀರಾ?" 2023ರ ಫೆಬ್ರವರಿಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಫೆಸ್ಟಲ್ಲಿ ಒಂದು ಸ್ಕಿಟ್ ಮಾಡಿದ್ದು ನೆನಪಿದೆಯಾ? ಅಲ್ಲೂ ಹೊಂದದ ಜೋಡಿನೇ. ದಲಿತ ಹುಡುಗ, ಮೇಲ್ಜಾತಿ ಹುಡುಗಿ. ಬಾಬಾಸಾಹೇಬರ ಹೆಸರನ್ನೂ ಬಿಡಲಿಲ್ಲ. ಕೇಸಾಯ್ತು, ಬಂಧನ ಆಯ್ತು, ಆಮೇಲೆ ಹೈಕೋರ್ಟಲ್ಲಿ ಕೇಸು ರದ್ದಾಯ್ತು. ಕೋರ್ಟಿನ ಮಾತಿಗೆ ಗೌರವ ಕೊಡ್ತೀನಿ. 1989ರ ಕಾಯ್ದೆ ನಮ್ಮ ಹಕ್ಕು, ಬೇಕಾದ ಕಡೆ ಬಳಸೇ ಬಳಸ್ತೀವಿ. ಆದ್ರೆ ಹನ್ನೆರಡು ವರ್ಷದ ಮಗು ಬಿಸಿಯೂಟದ ಸಾಲಿಗೆ ವಾಪಸ್ ಬರಬೇಕು ಅಂದ್ರೆ ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ. ಅದನ್ನ ನೀವೂ ನಾವೂ ಕೂತು ಮಾಡಬೇಕು.

"ನಿಮಗೆ ಹಾಸ್ಯಪ್ರಜ್ಞೆ ಇಲ್ಲ." ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿ ಬನ್ನಿ, ಆಮೇಲೆ ಮಾತಾಡೋಣ. ಹಸಿವು, ಅವಮಾನ ಎಲ್ಲ ಇರೋ ಆ ಪುಸ್ತಕದಲ್ಲಿ ನಗದೆ ದಾಟೋಕೆ ಆಗೋ ಪುಟ ಕಮ್ಮಿ. ನಮ್ಮ ಕೇರಿಯಷ್ಟು ನಗೋ ಜಾಗ ಊರಲ್ಲಿ ಇನ್ನೊಂದಿಲ್ಲ. ನಮ್ಮವ್ವ ಗೌಡರ ನಡಿಗೆ ಅನುಕರಿಸಿ ತೋರಿಸಿದ್ರೆ ಸತ್ತೋರೂ ಎದ್ದು ಕೂರ್ತಾರೆ. ಆದ್ರೆ ಆ ನಗು ಕೇರಿ ಒಳಗೇ ಉಳ್ಕೊಂತು, ಅದಕ್ಕೆ ಯಾರೂ ಮೈಕ್ ಕೊಡಲಿಲ್ಲ.

ಹಂಗಾಗಿ ನಾನು ಕೇಳೋದು ನಿಷೇಧ ಅಲ್ಲ. ಒಂದೇ ಒಂದು ಪರೀಕ್ಷೆ: ಅದಲು ಬದಲು. ಅದೇ ಸ್ಕಿಟ್ಟು, ಅದೇ ಡೈಲಾಗು, ಪಾತ್ರ ಮಾತ್ರ ಅದಲು ಬದಲು ಮಾಡಿ. ನಮ್ಮ ಹುಡುಗ ಟವಲ್ ಹಾಕ್ಕೊಂಡು ಹೊಡೀಲಿ, ಆ ಹುಡುಗ ಮುಖಕ್ಕೆ ಇದ್ದಿಲು ಬಳ್ಕೊಂಡು ಏಳೆಂಟು ಏಟು ತಿನ್ನಲಿ. ಆಗಲೂ ಊರು ಅಷ್ಟೇ ನಕ್ರೆ ಅದು ಹಾಸ್ಯ, ನಾನೇ ಕ್ಷಮೆ ಕೇಳ್ತೀನಿ. ನಗು ನಿಂತು ಗಲಾಟೆ ಶುರುವಾದ್ರೆ ಅಷ್ಟು ದಿನ ನೀವು ನಕ್ಕಿದ್ದು ಜೋಕಿಗಲ್ಲ, ಜಾತಿಗೆ.

ನಾವು ಕೂತು ಒಂದು ಹೊಸ ಸ್ಕಿಟ್ಟು ಬರೆದಿದ್ದೀವಿ. ಬರೆದೋರು ನನ್ನ ಮಗಳು, ಆ ಹುಡುಗ, ಮಧ್ಯ ಮಧ್ಯ ನಮ್ಮವ್ವ. ಅಂಗಡಿ ಸೀನು. ಕೇರಿ ಹುಡುಗ ಅಂಗಡಿಗೆ ಹೋಗಿ "ಅಕ್ಕಿ ಕೊಡಿ" ಅಂತಾನೆ. ಇವನ ಬಾಯಲ್ಲಿ 'ಹ' ಬರಲ್ಲ ಅಂತ ತಿಳ್ಕೊಂಡಿರೋ ಅಂಗಡಿಯವನು ಅವನನ್ನ ತಿದ್ದಿ, "ಹಕ್ಕಿನಾ? ಇಲ್ಲಿ ಹಕ್ಕಿ ಮಾರಲ್ಲ" ಅಂತಾನೆ. ಅಲ್ಲಿಂದ ಶುರು. ಪೂರ್ತಿ ಹೇಳಲ್ಲ. ಇಬ್ಬರೂ ಪೇಚಿಗೆ ಸಿಕ್ಕಿಕೊಳ್ತಾರೆ, ಇಬ್ಬರೂ ಗೆಲ್ತಾರೆ, ಯಾರೂ ಏಟು ತಿನ್ನಲ್ಲ. ಅಂಗಡಿಯವನ ಪಾತ್ರಕ್ಕೆ ಮೊನ್ನೆ ಗೌಡ ಆಗಿದ್ದ ಆ ಎತ್ತರದ ಹುಡುಗನನ್ನೇ ಕೇಳಿದ್ವಿ. ಒಪ್ಪಿದಾನೆ. ಮಕ್ಕಳಿಗೆ ಅರ್ಥ ಆಗುತ್ತೆ, ದೊಡ್ಡೋರಿಗೇ ತಡ.

ಜನವರಿ 26ಕ್ಕೆ ಶಾಲೆಲಿ ಹತ್ತು ನಿಮಿಷ ಕೊಡಿ ಅಂತ ಕೇಳಿದ್ದೀವಿ. "ನೋಡೋಣ" ಅಂದಿದ್ದಾರೆ. ಸಂವಿಧಾನ ಜಾರಿಗೆ ಬಂದ ದಿನ ಕೇರಿ ಹುಡುಗನಿಗೆ ಹತ್ತು ನಿಮಿಷ ಕೊಡಬೇಕೋ ಬೇಡವೋ ಅಂತ ನೋಡೋದೇನಿದೆ? ಕೊಡದಿದ್ರೆ ಏಪ್ರಿಲ್ 14ಕ್ಕೆ ಕೇರಿಲೇ ಸ್ಟೇಜ್ ಹಾಕ್ತೀವಿ. ಊರೆಲ್ಲಾ ಬನ್ನಿ. ಕುರ್ಚಿ ನಾವೇ ಹಾಕ್ತೀವಿ.

ಹುಡುಗ ಇನ್ನೂ ಊಟದ ಸಾಲಿಗೆ ಹೋಗ್ತಿಲ್ಲ. ಆದ್ರೆ ನಿನ್ನೆ ರಾತ್ರಿ ಪ್ರಾಕ್ಟೀಸ್ ಮುಗಿಸಿ ಅಡುಗೆಮನೆ ಬಾಗಿಲಲ್ಲಿ ನಿಂತು "ಅಜ್ಜೀ, ಅಸಿವು" ಅಂತ ಜೋರಾಗೇ ಅಂದ. ಅವ್ವ ತಿದ್ದಲಿಲ್ಲ. ಮುದ್ದೆ ಬಡಿಸಿದ್ರು.

ಜೈ ಭೀಮ್.